ಗೊತ್ತಾದ ದಿನವೇ ಹೇಳಿಬಿಡಲಿ

ಕಂಪನಿಗಳು ತಮ್ಮ ಉತ್ಪನ್ನಗಳ ದೋಷಗಳನ್ನೆಲ್ಲ ಬಹಿರಂಗವಾಗಿ ಹೇಳಿದರೆ ಗ್ರಾಹಕರು ಸುಮ್ನೆ ಗಾಬರಿಯಾಗುತ್ತಾರೆ ಎಂದು ನಾನು ಓದಿದ ಒಂದು ಲೇಖನದ ಲೇಖಕರು ಬರೆದಿದ್ದಾರೆ. ನಾನು ಒಪ್ಪುವುದಿಲ್ಲ. ಮುಚ್ಚಿಟ್ಟ ವಿಷಯ ಬೇರೆಯವರ ಬಾಯಿಂದ ಗೊತ್ತಾದಾಗಲೇ ಗಾಬರಿ ಜಾಸ್ತಿ, ಅಲ್ವಾ?

1994ರಲ್ಲಿ ನಡೆದ, ಇಂಟೆಲ್ ಕಂಪನಿಯ ಪೆಂಟಿಯಂ ಎಂಬ ಕಂಪ್ಯೂಟರ್ ಚಿಪ್ಪಿನ ಕಥೆ ನೋಡಿ. ಕೆಲವು ಭಾಗಾಕಾರಗಳಲ್ಲಿ ಅದು ತಪ್ಪು ಉತ್ತರ ಕೊಡುತ್ತಿತ್ತು. ಕಂಪನಿಗೆ ಗೊತ್ತಿತ್ತು, ಹೇಳಲಿಲ್ಲ. ಒಬ್ಬ ಗಣಿತದ ಪ್ರಾಧ್ಯಾಪಕರು ಅದನ್ನು ಪತ್ತೆಹಚ್ಚಿ ಹೊರಗೆ ತಂದರು. ಆಗಲೂ ಕಂಪನಿ, ಬದಲಿ ಚಿಪ್ ಬೇಕಾದರೆ ನಿಮಗೆ ನಿಜವಾಗಿ ತೊಂದರೆ ಆಗುತ್ತದೆ ಎಂದು ತೋರಿಸಿ ಎಂದಿತು. ಲೆಕ್ಕದ ತಪ್ಪಿಗಿಂತ ಈ ಮಾತೇ ಜನರಿಗೆ ಚುಚ್ಚಿತು. ಕೊನೆಗೆ ಕೇಳಿದವರಿಗೆಲ್ಲ ಚಿಪ್ ಬದಲಿಸಿಕೊಡಬೇಕಾಯಿತು. ಖರ್ಚು 47.5 ಕೋಟಿ ಡಾಲರ್.

ಅಲ್ಲಿ ಹೋದದ್ದು ದುಡ್ಡು. ಅಮೆರಿಕದ ಕಾರು ಕಂಪನಿ ಜನರಲ್ ಮೋಟಾರ್ಸ್‌ನ ಕೀ ತಿರುಗಿಸಿ ಇಂಜಿನ್ ಚಾಲೂ ಮಾಡುವ ಇಗ್ನಿಷನ್ ಸ್ವಿಚ್‌ನಿಂದ ಹೋದದ್ದು ಜೀವ. ಕಾರು ಓಡುತ್ತಿರುವಾಗಲೇ ಕೀ ಗೊಂಚಲಿನ ಭಾರಕ್ಕೂ ಸ್ವಿಚ್ ಜಾರಿ ಇಂಜಿನ್ ಆಫ್ ಆಗುತ್ತಿತ್ತು. ಆಗ ಏರ್‌ಬ್ಯಾಗ್ ಕೂಡ ಕೆಲಸ ಮಾಡದಿರಬಹುದಿತ್ತು. ಕೀ ಗೊಂಚಲಿನಿಂದ ಭಾರದ ವಸ್ತುಗಳನ್ನು ತೆಗೆಸಿ ಎಂದು ಡೀಲರ್‌ಗಳಿಗೆ 2005ರಲ್ಲೇ ಸೂಚನೆ ಹೋಗಿತ್ತು. ಕಾರುಗಳನ್ನು ವಾಪಸ್ ಕರೆಸಿದ್ದು 2014ರಲ್ಲಿ! ಕಂಪನಿಯ ಪರಿಹಾರ ನಿಧಿ ಒಪ್ಪಿಕೊಂಡ ಸಾವುಗಳೇ 124. ಅದೇ ಒಂದು ಸಾಲನ್ನು ಪ್ರತಿ ಮಾಲೀಕರಿಗೂ ಬರೆದು ಕಳಿಸಲು ಏನು ಅಡ್ಡಿಯಿತ್ತು? ಇದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಸಣ್ಣಪುಟ್ಟದ್ದಕ್ಕೆಲ್ಲ ಎಚ್ಚರಿಕೆ ಕಳಿಸಿದರೆ ಯಾರೂ ಓದುವುದಿಲ್ಲ ಎಂಬ ಲೇಖಕರ ಮಾತು ನಿಜ. ಆದರೆ ಪೆಟ್ಟು, ಬೆಂಕಿ, ಡೇಟಾ ಹೋಗುವ ಭಯ ಇರುವಲ್ಲಿ ಪೂರ್ತಿ ಕಾರಣ ಸಿಗುವ ತನಕ ಕಾಯಬಾರದು. ಯಾವ ಮಾಡೆಲ್, ಏನು ಅಪಾಯ, ಸದ್ಯಕ್ಕೆ ಏನು ಮಾಡಬೇಕು, ಇಷ್ಟು ಹೇಳಲಿ. ಕಾರಣ ಇನ್ನೂ ಹುಡುಕುತ್ತಿದ್ದೇವೆ ಎಂದರೂ ಗ್ರಾಹಕರಿಗೆ ಅರ್ಥವಾಗುತ್ತದೆ.