ಮಾತ್ರೆ ಜತೆ ಚಕ್ಕೋತದ ವಿಷಯವನ್ನೂ ಬರೆಯಿರಿ
ಕ್ಯಾನ್ಸರ್ ಮಾತ್ರೆಗಳ ಬಗ್ಗೆ ನಿಮ್ಮ ಲೇಖನ ಇಷ್ಟವಾಯಿತು. ಆದರೆ ರಕ್ತದ ಕ್ಯಾನ್ಸರಿಗೆ ಕೊಡುವ ಇಮಾಟಿನಿಬ್ ಬಗ್ಗೆ ‘ಮನೆಯಲ್ಲೇ ನುಂಗುವ ಸುಲಭದ ಮಾತ್ರೆ’ ಎಂದಷ್ಟೇ ಹೇಳಿ ಬಿಟ್ಟಿದ್ದು ಸಾಲದು.

ಟೈರೋಸಿನ್ ಕೈನೇಸ್ ಎಂಬ ಕಿಣ್ವ ಜೀವಕೋಶಕ್ಕೆ ‘ಬೆಳೆ’ ಎಂದು ಹೇಳುವ ಸ್ವಿಚ್ ಇದ್ದ ಹಾಗೆ. ಸಿಎಂಎಲ್ ಎಂಬ ರಕ್ತದ ಕ್ಯಾನ್ಸರಿನಲ್ಲಿ 9 ಮತ್ತು 22ನೇ ಕ್ರೋಮೋಸೋಮುಗಳ ತುಂಡು ಅದಲುಬದಲಾಗಿ ಆ ಸ್ವಿಚ್ ಆಫ್ ಆಗುವುದೇ ಇಲ್ಲ. ಇಮಾಟಿನಿಬ್ ಅದನ್ನು ತಡೆಯುತ್ತದೆ. ಕಾಯಿಲೆ ಎಷ್ಟು ಉಳಿದಿದೆ ಎಂದು ತೋರಿಸುವ ಬಿಸಿಆರ್-ಎಬಿಎಲ್ ಟೆಸ್ಟ್ ಚೆನ್ನಾಗಿ ಬಂತೆಂದು ಸುಮ್ನೆ ಮಾತ್ರೆ ಬಿಡುವವರು ಇದ್ದಾರೆ. ಹಾಗೆ ಮಾಡಿದರೆ ಕಾಯಿಲೆ ಮತ್ತೆ ತಲೆ ಎತ್ತಬಹುದು. ಆ ಕಿಣ್ವದಲ್ಲಿ ಟಿ315ಐ ಎಂಬ ಬದಲಾವಣೆ ಆದರಂತೂ ಇಮಾಟಿನಿಬ್, ಅದೇ ಬಗೆಯ ಡಾಸಾಟಿನಿಬ್, ನಿಲೋಟಿನಿಬ್ ಮೂರೂ ನಾಟುವುದಿಲ್ಲ. ಪೊನಾಟಿನಿಬ್‌ನಂಥ ಬೇರೆ ಔಷಧಿ ಬೇಕು.

ಇನ್ನೊಂದು, ನಮ್ಮ ಬೆಂಗಳೂರಿನವರಿಗೆ ಮುಖ್ಯ. ದ್ರಾಕ್ಷಿಹಣ್ಣಲ್ಲ, ಗ್ರೇಪ್‌ಫ್ರೂಟ್ ಎಂಬ ದೊಡ್ಡ ನಿಂಬೆ ಜಾತಿಯ ಹಣ್ಣು ಇಮಾಟಿನಿಬ್ ಔಷಧಿಯನ್ನು ದೇಹದಲ್ಲಿ ಒಡೆಯುವ ಕಿಣ್ವವನ್ನು ತಡೆಯುತ್ತದೆ. ಆಗ ರಕ್ತದಲ್ಲಿ ಔಷಧಿ ಜಾಸ್ತಿಯಾಗಬಹುದು. ದೇವನಹಳ್ಳಿ ಚಕ್ಕೋತ ಅದರ ಹತ್ತಿರದ ನೆಂಟ, ಅಲ್ವಾ? ಅದರಿಂದಲೂ ಹಾಗೇ ಆಗಬಹುದು. ನಮ್ಮ ಚಿಕ್ಕಮ್ಮನಿಗೆ ಇದನ್ನು ಯಾರೂ ಹೇಳಿರಲಿಲ್ಲ. ಈ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಚಕ್ಕೋತ ತಿನ್ನಬೇಡಿ. ಆಯುರ್ವೇದ ಕಷಾಯ ಕುಡಿಯುತ್ತಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ.