ಐದು ನಿಮಿಷದ ಫ್ರೈಸು, ಒಂದು ಕೋಟಿಯ ಆಲೂಗಡ್ಡೆ

‘ಐದೇ ನಿಮಿಷದಲ್ಲಿ ಗರಿಗರಿ ಫ್ರೆಂಚ್ ಫ್ರೈಸ್!’ ಎಂದರು ಫೋನಿನೊಳಗಿನ ಮಹಾತಾಯಿ. ನಂಬಿಬಿಟ್ಟೆ.

ಆ ಐದು ನಿಮಿಷದ ಲೆಕ್ಕ ಕೇಳಿ. ಹೆಚ್ಚಿದ ಆಲೂಗಡ್ಡೆ ಅರ್ಧ ಗಂಟೆ ತಣ್ಣೀರಲ್ಲಿ ನೆನೆಯಬೇಕು, ಗಂಜಿ ಬಿಡಬೇಕು. ಆಮೇಲೆ ಎಣ್ಣೆಸ್ನಾನ ಮಾಡಿಸಿದ ಮಗುವಿನ ಹಾಗೆ ಒಂದೊಂದನ್ನೂ ಒರೆಸಬೇಕು. 150 ಡಿಗ್ರಿಯಲ್ಲಿ ಒಮ್ಮೆ ಕರಿದು, ಆರಿಸಿ, 180 ಡಿಗ್ರಿ ದಾಟಿದ ಎಣ್ಣೆಯಲ್ಲಿ ಮತ್ತೊಮ್ಮೆ ಕರಿಯಬೇಕು. ನಮ್ಮ ಬಾಣಲೆಗೆ ಡಿಗ್ರಿ ಎಲ್ಲಿಂದ ಬರಬೇಕು? ಅಮ್ಮ ಚೂರು ಹಿಟ್ಟು ಹಾಕಿ, ತೇಲಿ ಬಂದರೆ ‘ಕಾದಿದೆ’ ಅನ್ನುತ್ತಿದ್ದರು, ಅಷ್ಟೇ.

ಎಲ್ಲ ಮಾಡಿದೆ. ಒಂದನ್ನು ತುದಿ ಹಿಡಿದು ಎತ್ತಿದೆ. ಮದುವೆ ಮನೆಯಲ್ಲಿ ಸಾಲ ಕೊಟ್ಟವನನ್ನು ಕಂಡ ಹಾಗೆ ತಲೆ ಬಗ್ಗಿಸಿತು. ಬಣ್ಣ ಮಾತ್ರ ಕಾಫಿಪುಡಿಯದು. ‘ಪಲ್ಯ ಚೆನ್ನಾಗಿದೆ ಕಣ್ರೀ, ಎಣ್ಣೆ ಸ್ವಲ್ಪ ಜಾಸ್ತಿ’ ಎಂದಳು ಹೆಂಡತಿ.

ತಪ್ಪು ನನ್ನ ಕೈಯದಲ್ಲ. ಕೋಲ್ಡ್ ಸ್ಟೋರೇಜಿನ ಚಳಿಯಲ್ಲಿ ಕೂತ ಆಲೂಗಡ್ಡೆಯ ಗಂಜಿ ಸಕ್ಕರೆಯಾಗುತ್ತೆ. ಗರಿಗರಿಯಾಗುವ ಮೊದಲೇ ಹೊರಗೆ ಕಪ್ಪಾಗುತ್ತೆ. ಜೊತೆಗೆ ಸಂತೆಯ ಗೆಡ್ಡೆಯಲ್ಲಿ ನೀರೂ ಜಾಸ್ತಿ. ನೀರು ಕಡಿಮೆ ಇರುವ ತಳಿಗಳಿವೆ. ಅವು ಸಂತೆಗೆ ಬರುವುದು ಅಪರೂಪ. ಬಿತ್ತುವಾಗಲೇ ಕಂಪನಿ ಜೊತೆ ನಿಶ್ಚಿತಾರ್ಥ ಆಗಿರುತ್ತೆ.

ಎಫ್‌ಎಲ್ 2027 ನೆನಪಿದೆ ಅಲ್ವಾ? ಲಾರಿ ನಂಬರಲ್ಲ, ಚಿಪ್ಸ್ ಆಲೂಗಡ್ಡೆ. ತನ್ನ ಹೆಸರಲ್ಲಿ ನೋಂದಾಯಿಸಿಕೊಂಡಿದ್ದ ಆ ತಳಿಯನ್ನು ಬೆಳೆದರು ಅಂತ 2019ರಲ್ಲಿ ಗುಜರಾತಿನ ನಾಲ್ವರು ರೈತರ ಮೇಲೆ ಪೆಪ್ಸಿಕೋ ಕೇಸು ಹಾಕಿತು. ಕೇಳಿದ್ದು ತಲಾ ಒಂದು ಕೋಟಿಗೂ ಜಾಸ್ತಿ. ಮೂರ್ನಾಲ್ಕು ಎಕರೆಯವರು! ಕಂಪನಿಯದು ದೊಡ್ಡ ಮನಸ್ಸು, ರಾಜಿಗೂ ಸಿದ್ಧವಿತ್ತು. ಬೀಜ ನಮ್ಮಿಂದಲೇ ಕೊಳ್ಳಿ, ಬೆಳೆ ನಮಗೇ ಮಾರಿ, ಇಲ್ಲಾಂದ್ರೆ ಆ ತಳಿಯನ್ನೇ ಬಿಟ್ಟುಬಿಡಿ. ಇಂಥ ಸಂಬಂಧ ಬಿಟ್ಟರೆ ಸಿಗುತ್ತಾ? ಅದು ಲೋಕಸಭೆ ಚುನಾವಣೆಯ ಸಮಯ. ಗಲಾಟೆ ಎದ್ದಿತು, ಮೇ ತಿಂಗಳಲ್ಲಿ ಕೇಸು ವಾಪಸ್. 2021ರಲ್ಲಿ ಆ ತಳಿಯ ನೋಂದಣಿಯೇ ರದ್ದಾಯಿತು. 2024ರಲ್ಲಿ ದೆಹಲಿ ಹೈಕೋರ್ಟಿನಲ್ಲಿ ಆ ರದ್ದೂ ರದ್ದಾಯಿತು. ನಮ್ಮ ಎಣ್ಣೆಯ ಹಾಗೆ ಅದೂ ಎರಡು ಸಲ ಕಾಯಿತು.

ನಗು ಸಾಕು. ರೈತ ತನ್ನ ಬೀಜ ಉಳಿಸಿಕೊಳ್ಳಬಹುದು, ಬಿತ್ತಬಹುದು, ಮಾರಬಹುದು, ಬ್ರಾಂಡ್ ಹಚ್ಚಿ ಮಾರಬಾರದು ಅಷ್ಟೇ, ಅಂತ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ 2001ರ ಕಾಯ್ದೆ ಬರೆದಿಟ್ಟಿದೆ. ಅದನ್ನು ಓದಿಸಲು ಬಡಪಾಯಿಗಳು ಕೋರ್ಟಿಗೆ ಅಲೆಯಬೇಕಾ? ಹಾಸನದವರು ವರ್ಷವರ್ಷವೂ ಜಲಂಧರದ ಬಿತ್ತನೆ ಗೆಡ್ಡೆಗೆ ದುಡ್ಡು ಸುರಿದು ಮೇ ತಿಂಗಳಲ್ಲಿ ನೆಡುತ್ತಾರೆ. ಅಂಗಮಾರಿ ರೋಗ ಬಂದರೆ ಹೊಲ ಕೊಳೆಯುತ್ತೆ. ಆ ನಷ್ಟಕ್ಕೆ ಯಾರ ಮೇಲೆ ಕೋಟಿ ರೂಪಾಯಿ ಕೇಸು ಹಾಕೋದು? ಬರೆದೂ ಬರೆದೂ ಸಾಕಾಗಿದೆ.

ಉಳಿದ ಫ್ರೈಸನ್ನು ಸಂಜೆ ಹುಳಿಗೆ ಹಾಕಿದೆವು. ಅಲ್ಲಿ ಮೆತ್ತಗಿದ್ದುದಕ್ಕೆ ಯಾರೂ ಏನೂ ಅನ್ನಲಿಲ್ಲ.