ಜ್ವರ ಬಂದ ದಿನದ ಕೂಲಿ

ನಮ್ಮ ತೀರ್ಥಹಳ್ಳಿ, ಸಾಗರ ಕಡೆ ಮಂಗನ ಕಾಯಿಲೆ ಸೀಸನ್ನೂ ಅಡಿಕೆ ಕೊಯ್ಲೂ ಹೆಚ್ಚುಕಮ್ಮಿ ಒಟ್ಟಿಗೇ ಬರೋದು. ಡಿಸೆಂಬರ್ ಹೊತ್ತಿಗೆ ಈ ಕಾಯಿಲೆ ಹರಡೋ ಉಣುಗಿನ ಭಯ ಶುರುವಾದ್ರೆ ಮಳೆ ಹಿಡಿಯೋ ತನಕ ಇರುತ್ತೆ, ಅದೇ ಹೊತ್ತಲ್ಲಿ ಅಡಿಕೆ ಕೊನೆ (ಗೊನೆ) ಇಳಿಸ್ಬೇಕು, ಸುಲೀಬೇಕು, ಬೇಯಿಸ್ಬೇಕು, ಆಮೇಲೆ ದರಕು (ಒಣಗಿದ ಎಲೆ) ತರೋಕೆ ಕಾಡಿಗೂ ಹೋಗ್ಬೇಕು. ಜ್ವರ ಬಂದ್ರೆ ತಕ್ಷಣ ರಕ್ತ ಪರೀಕ್ಷೆ ಮಾಡಿಸಿ ಅಂತ ಆರೋಗ್ಯ ಇಲಾಖೆಯವ್ರು ಹೇಳ್ತಾರೆ, ಸರಿಯಾದ ಮಾತೇ, ಆದ್ರೆ ಪರೀಕ್ಷೆಗೆ ಹೋದ ದಿನದ ಕೂಲಿ ಯಾರು ಕೊಡೋದು ಮಾರಾಯ್ರೆ?

ಯಾರೂ ಕೊಡಲ್ಲ. ಅದಕ್ಕೇ ಜನ ಒಂದು ಪ್ಯಾರಾಸಿಟಮಾಲ್ ನುಂಗಿ ತೋಟಕ್ಕೆ ಬರ್ತಾರೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಪತ್ತೆಯಾದ ಕಾಯಿಲೆ ಇದು, ನಮಗೆ ಹೊಸದಲ್ಲ, ಮೊದಲ ಜ್ವರ ಬಿಟ್ಟು ಒಂದೆರಡು ವಾರಕ್ಕೆ ಕೆಲವ್ರಿಗೆ ತಿರುಗಿ ಬರುತ್ತೆ, ಆಗ ಮಿದುಳಿಗೂ ತಾಗ್ಬಹುದು. ವಾಸಿಯಾದ್ಮೇಲೂ ವಾರಗಟ್ಟಲೆ ನಿತ್ರಾಣ. ಅಂಥ ಮೈಯಲ್ಲಿ ಮರ ಹತ್ತೋದು ಅಂದ್ರೆ ಎಂತ ಅಂತ ಮರ ಹತ್ತಿ ಕೊನೆ ಕೊಯ್ಯೋ ಕೊನೆಗೌಡ್ರನ್ನ ಕೇಳಿ.

ಪೇಟೆಯಲ್ಲಿ ಕಾನೂನಾದ್ರೂ ಇದೆ. ಶಿವಮೊಗ್ಗದ ಗಾಂಧಿ ಬಜಾರಲ್ಲಿ ಬಟ್ಟೆ ಅಂಗಡಿಲಿ ನಿಂತು ಸೀರೆ ಬಿಚ್ಚಿ ತೋರಿಸೋ ಹುಡುಗಿಗೆ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಪ್ರಕಾರ ವರ್ಷಕ್ಕೆ 12 ದಿನ ಕಾಯಿಲೆ ರಜೆ, ಸಂಬಳದ ಜೊತೆಗೇ. ನಾನು ಮಾತಾಡ್ಸಿದ ಅಂಗಡಿ ಹುಡುಗ ಹುಡುಗೀರಲ್ಲಿ ಒಬ್ರಿಗೂ ಇದು ಗೊತ್ತಿರಲಿಲ್ಲ, ರಜೆ ಅಂದ್ರೆ ಸಂಬಳ ಕಟ್ಟಿಂಗ್ ಅಂತಷ್ಟೇ ಗೊತ್ತು. ಗಾರ್ಮೆಂಟ್ಸ್ ಹೆಣ್ಮಕ್ಕಳಿಗೆ ಇಎಸ್‌ಐ ಅನ್ನೋ ಕಾರ್ಮಿಕರ ವಿಮೆ ಇದೆ, ತಿಂಗಳಿಗೆ 21,000 ರೂಪಾಯಿ ಒಳಗಿನ ಸಂಬಳದವ್ರಿಗೆ ವರ್ಷಕ್ಕೆ 91 ದಿನದ ತನಕ 70% ಕೂಲಿ. ಅದರಲ್ಲೂ ಸಾಮಾನ್ಯವಾಗಿ ಮೊದಲ ಎರಡು ದಿನಕ್ಕೆ ದುಡ್ಡಿಲ್ಲ, ಅಂದ್ರೆ ಎರಡು ದಿನದ ಜ್ವರ ಬಂದೋಳಿಗೆ ಏನೂ ಇಲ್ಲ.

ಇನ್ನು ಅಡಿಕೆ ತೋಟ. 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆಲಿ ಕಾಯಿಲೆ ಭತ್ಯೆ ಅಂತ ಬರೆದಿದ್ರು, ಆದ್ರೆ ಹೆಸರಿಸಿದ್ದು ಟೀ, ಕಾಫಿ, ರಬ್ಬರ್, ಸಿಂಕೋನಾ, ಏಲಕ್ಕಿ. ಅದೂ 5 ಹೆಕ್ಟೇರ್, 15 ಜನ ಕೆಲಸದವ್ರು ಇದ್ರೆ. ಅಡಿಕೆ ಆ ಪಟ್ಟಿಲೇ ಇರಲಿಲ್ಲ. ಪಕ್ಕದ ಚಿಕ್ಕಮಗಳೂರಿನ ದೊಡ್ಡ ಕಾಫಿ ಎಸ್ಟೇಟಲ್ಲಿ ದುಡಿಯೋಳಿಗೆ ಬರೆದಿಟ್ಟ ಹಕ್ಕು ನಮ್ಮ ತೋಟದಲ್ಲಿ ಸುಲಿಯೋಳಿಗೆ ಯಾಕಿಲ್ಲ? ಮರಕ್ಕೆ ಕೊಳೆ ರೋಗ ಬರೋಕೆ ಮುಂಚೆನೇ ಸಾಲ ಮಾಡಿಯಾದ್ರೂ ಬೋರ್ಡೋ ಮದ್ದು ಹೊಡೆಸ್ತೀವಿ, ಆ ಮದ್ದು ಹೊಡೆಯೋನಿಗೆ ಜ್ವರ ಬಂದ್ರೆ ಮಾತ್ರ ‘ನಾಳೆ ಬೇರೆಯವ್ರನ್ನ ಕಳ್ಸು’ ಅಂತೀವಿ.

ಎರಡೆಕರೆ ತೋಟದವ್ರು ಕೇಳೋದು ನಂಗೊತ್ತು, ನಮಗೇ ಇಲ್ಲ, ನಾವೆಲ್ಲಿಂದ ಕೊಡೋಣ ಅಂತ. ನ್ಯಾಯವಾದ ಪ್ರಶ್ನೆ. ನಮ್ಮನೆ ತೋಟನೂ ಅಷ್ಟೇ ಇರೋದು. ಅದೂ ಅಲ್ದೆ ಒಬ್ಬ ಕೊನೆಗೌಡ ಒಂದೇ ಸೀಸನ್ನಲ್ಲಿ ಎಷ್ಟೋ ತೋಟ ಸುತ್ತುತಾನೆ, ಅವನ ಧಣಿ ಯಾರು ಅಂತ ಹೇಳೋದೇ ಕಷ್ಟ. ಅದಕ್ಕೇ ನಾನು ಹೇಳೋದು ಒಬ್ಬೊಬ್ಬ ತೋಟದವನ ತಲೆ ಮೇಲೆ ಹಾಕೋದು ಬೇಡ, ನಿಧಿ ಮಾಡಿ ಅಂತ. ಕಟ್ಟಡ ಕಾರ್ಮಿಕರೂ ಹಂಗೇ ಅಲ್ವಾ ಇವತ್ತೊಂದು ಸೈಟು ನಾಳೆ ಇನ್ನೊಂದು, 1996ರ ಕಾನೂನು ತಂದು ಕಟ್ಟಡ ಖರ್ಚಿನ ಮೇಲೆ 1% ಸೆಸ್ ಹಾಕಿ ಅವ್ರಿಗೆ ಕಲ್ಯಾಣ ಮಂಡಳಿ ಮಾಡಿದ್ರು. ಅಡಿಕೆ ಮಾರಾಟಕ್ಕೆ ಎಪಿಎಂಸಿ ಮಾರುಕಟ್ಟೆ ಇದೆ, 1939ರಿಂದ ಮ್ಯಾಮ್ಕೋಸ್ ಅನ್ನೋ ಅಡಿಕೆ ಮಾರಾಟ ಸಹಕಾರ ಸಂಘ ಇದೆ, ಲೆಕ್ಕ ಪುಸ್ತಕ ಎಲ್ಲಾ ಅಲ್ಲೇ ಇದೆ. ಕ್ವಿಂಟಾಲಿಗೆ ಇಷ್ಟು ಅಂತ ಹಿಡಿದಿಟ್ಟು, ಖರೀದಿದಾರರೂ ಸರ್ಕಾರನೂ ಒಂದು ಪಾಲು ಹಾಕಿ, ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಡಾಕ್ಟರ ಚೀಟಿ ತಂದವ್ರಿಗೆ ಮೊದಲ ದಿನದಿಂದಲೇ ಕೂಲಿ ಕೊಡೋಕೆ ಏನಡ್ಡಿ?

ಸುಳ್ಳು ಹೇಳಿ ರಜೆ ಹಾಕ್ತಾರೆ ಅನ್ನೋರಿಗೆ ಒಂದೇ ಮಾತು, ಸರ್ಕಾರಿ ನೌಕರರು ವೈದ್ಯಕೀಯ ರಜೆ ಹಾಕ್ದಾಗ ನೀವು ಹಿಂಗೆ ಕೇಳಲ್ಲ. ಕೂಲಿಯವ್ರನ್ನ ಮಾತ್ರ ಯಾಕೆ ಕಳ್ಳರ ಥರ ನೋಡೋದು?

ಈ ಸಲ ನಮ್ಮ ಸೊಸೈಟಿ ಮಹಾಸಭೆಲಿ ನಾನು ಈ ವಿಷಯ ಎತ್ತುತೀನಿ, ನಿಮ್ಮ ನಿಮ್ಮ ಊರಿನ ಸೊಸೈಟಿಲೂ ಎತ್ತಿ, ಹಂಗೇ ಗಾಂಧಿ ಬಜಾರಲ್ಲಿ ಕೆಲಸ ಮಾಡೋರು ನಿಮಗೆ ಪರಿಚಯ ಇದ್ರೆ ಆ 12 ದಿನದ ರಜೆ ವಿಷಯ ಇವತ್ತೇ ಅವ್ರಿಗೆ ಹೇಳಿ.